ಅಪ್‌ಡೇಟ್: ಕೇಬಲ್ ಬಿಟ್ಟು ಫ್ರೀ ಡಿಶ್, ವಿಜಯಪುರದ ಮಾಳಿಗೆ ಮೇಲೆ ಕ್ವಾಲಿಟಿ ಕೊನೆಗೂ ಬಂತು

ಹೋದ ವಾರ ಕೇಳಿದ್ದು ಇಷ್ಟು: ತಿಂಗಳ ಬಾಡಿಗೆ ಬೇಡವೆಂದು ದೂರದರ್ಶನದ ಉಚಿತ ಡಿಶ್ ಸೇವೆ ಡಿಡಿ ಫ್ರೀ ಡಿಶ್ ಹಾಕಿದರೆ ಬಾಕ್ಸ್‌ನ ಸಿಗ್ನಲ್ ಮೀಟರ್ ಸ್ಟ್ರೆಂತ್ 85 ತೋರಿಸುತ್ತದೆ, ಚಿತ್ರ ಮೂಡಲು ಬೇಕಾದ ಕ್ವಾಲಿಟಿ ಮಾತ್ರ ಸೊನ್ನೆ, ಯಾಕೆ?

ಸ್ಟ್ರೆಂತ್ ಅನ್ನೋದು ಎಲ್‌ಎನ್‌ಬಿಗೆ (ಡಿಶ್ ಮುಂದಿನ ಕೈ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಕರೆಂಟ್ ಹೋಗುತ್ತಿದೆ, ಕೇಬಲ್ ಸರಿ ಇದೆ ಅನ್ನೋದಕ್ಕಷ್ಟೇ ಸಾಕ್ಷಿ. ಡಿಶ್ ಗೋಡೆಗೆ ಮುಖ ಮಾಡಿದ್ದರೂ ಅದು ಬರುತ್ತದೆ. ನೋಡಬೇಕಾದ್ದು ಕ್ವಾಲಿಟಿ ಒಂದೇ.

ಉಪಗ್ರಹ ಜಿಸ್ಯಾಟ್-15, ಪೂರ್ವ ರೇಖಾಂಶ 93.5 ಡಿಗ್ರಿ. ವಿಜಯಪುರದಿಂದ ಅದು ಆಗ್ನೇಯಕ್ಕೆ, ಉತ್ತರದಿಂದ ಎಣಿಸಿದರೆ ಸುಮಾರು 132 ಡಿಗ್ರಿ, ದಿಗಂತದಿಂದ ಎತ್ತರ 61-62 ಡಿಗ್ರಿ. ಮೊಬೈಲ್ ದಿಕ್ಸೂಚಿಯನ್ನು ಕಬ್ಬಿಣದ ಕಂಬದಿಂದ ಎರಡು ಹೆಜ್ಜೆ ದೂರ ಹಿಡಿಯಿರಿ, ಇಲ್ಲದಿದ್ದರೆ ಸುಳ್ಳು ಹೇಳುತ್ತದೆ. ಬಾಕ್ಸ್‌ನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಶನ್ (ತರಂಗದ ದಿಕ್ಕು) ವರ್ಟಿಕಲ್, ಸಿಂಬಲ್ ರೇಟ್ 29500 ಹಾಕಿ, ಡಿಶ್ಶನ್ನು ಬೆರಳಿನಷ್ಟು ಸರಿಸಿ ಮೂರು ಸೆಕೆಂಡ್ ಕಾಯಬೇಕು. ಮೀಟರ್ ತಡವಾಗಿ ಏಳುತ್ತದೆ.

ನಿಜವಾದ ತಪ್ಪು ಎಲ್‌ಎನ್‌ಬಿಯದು. ನೆಟ್ಟಗೆ ಕೂತಿತ್ತು. ನಮ್ಮ ಭಾಗದಿಂದ ಉಪಗ್ರಹ ತುಂಬಾ ಪೂರ್ವಕ್ಕಿರುವುದರಿಂದ ಅದರ ತರಂಗ ಓರೆಯಾಗಿ ಬರುತ್ತದೆ. ಡಿಶ್ ಹಿಂದೆ ನಿಂತು ಆಕಾಶ ನೋಡುತ್ತಾ ಎಲ್‌ಎನ್‌ಬಿಯನ್ನು ಎಡಕ್ಕೆ, ಗಡಿಯಾರದ ವಿರುದ್ಧ, 45 ಡಿಗ್ರಿಯ ಆಸುಪಾಸು ತಿರುಗಿಸಿದಾಗ ಕ್ವಾಲಿಟಿ ಎದ್ದಿತು. ಹೇಳಿಕೊಟ್ಟವರಿಗೆ ಮನಸಾರೆ ಧನ್ಯವಾದ.

ಡಿಶ್‌ನಿಂದ ಬಾಕ್ಸ್‌ಗೆ ಎಳೆಯಲು ಆರ್‌ಜಿ-6 ಅನ್ನೋ ಬಗೆಯ ಕೇಬಲ್ಲೇ ಕೊಳ್ಳಿ. ಕನೆಕ್ಟರ್ ಕೆಳಗೆ ಕೇಬಲ್ಲನ್ನು ಒಂದು ಸುತ್ತು ಜೋತುಬಿಡಿ, ಮಳೆನೀರು ಅಲ್ಲೇ ತೊಟ್ಟಿಕ್ಕಲಿ. ಹಳೆಯ ವಿಡಿಯೊ ರೂಪವಾದ ಎಂಪೆಗ್-2 ಮಾತ್ರ ಓದುವ ಬಾಕ್ಸ್ ಸೋವಿ ಸಿಕ್ಕರೂ ಬೇಡ, ಹೊಸ ರೂಪದ ಎಂಪೆಗ್-4 ಚಾನೆಲ್‌ಗಳು ಅದರಲ್ಲಿ ಮೂಡುವುದಿಲ್ಲ.

ಚಂದನ ಬರುತ್ತದೆ. ಕನ್ನಡದ ಧಾರಾವಾಹಿ ಚಾನೆಲ್‌ಗಳನ್ನು ಬಿಡಲಾಗದ ಮನೆಗೆ ಇದೊಂದೇ ಸಾಲದು.