‘ಶಕ್ತಿವರ್ಧಕ’ ಸರಿಯೇ? ಜೀವಕೋಶದ ಶಕ್ತಿಗೆ ‘ಹದ’ ಎನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಮಧುಮೇಹ ಇರುವವರಿಗಾಗಿ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಈರುಳ್ಳಿ, ದ್ರಾಕ್ಷಿ, ಚಹಾದಲ್ಲಿರುವ ಸಸ್ಯಜನ್ಯ ರಾಸಾಯನಿಕಗಳಾದ ಪಾಲಿಫೀನಾಲ್‌ಗಳು ಜೀವಕೋಶದೊಳಗೆ ಏನು ಮಾಡುತ್ತವೆ ಎಂಬ ಅಧ್ಯಾಯದಲ್ಲಿ ಒಂದು ಪದ ನನ್ನನ್ನು ತಡೆದು ನಿಲ್ಲಿಸಿದೆ. ಮೊದಲ ಕರಡಿನಲ್ಲಿ ‘ಇವು ಕೋಶಕ್ಕೆ ಶಕ್ತಿವರ್ಧಕಗಳು’ ಎಂದು ಬರೆದಿದ್ದೆ. ಅಪ್ಪನಿಗೆ ಓದಲು ಕೊಟ್ಟೆ. ಅವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ‘ಶಕ್ತಿ ಹೆಚ್ಚಿದರೆ ಸಕ್ಕರೆಯೂ ಹೆಚ್ಚುವುದಿಲ್ಲವೇನಮ್ಮ?’ ಎಂದು ಕೇಳಿದರು.

ಅವರ ಸಂಶಯ ನ್ಯಾಯವಾದದ್ದು. ಕೋಶದೊಳಗೆ ಇಂಧನ ಎಷ್ಟಿದೆ ಎಂದು ನೋಡಿಕೊಳ್ಳುವ ಒಂದು ಕಿಣ್ವವಿದೆ, ಹೆಸರು ಎಎಂಪಿಕೆ. ಕೋಶದ ಇಂಧನವಾದ ಎಟಿಪಿ ಖರ್ಚಾಗಿ, ಅದು ಒಡೆದು ಉಳಿಯುವ ಎಎಂಪಿ ಹೆಚ್ಚಿದಾಗ ಈ ಕಿಣ್ವ ಎಚ್ಚರಗೊಳ್ಳುತ್ತದೆ. ಆಗ ಸ್ನಾಯುಕೋಶಗಳು ರಕ್ತದ ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತವೆ, ಕೊಬ್ಬು ಕರಗುತ್ತದೆ, ಹೊಸ ಕೊಬ್ಬು ಕಟ್ಟುವ ಕೆಲಸ ತಗ್ಗುತ್ತದೆ. ದ್ರಾಕ್ಷಿ ಸಿಪ್ಪೆಯ ರೆಸ್ವೆರಟ್ರಾಲ್, ಈರುಳ್ಳಿಯ ಕ್ವೆರ್ಸೆಟಿನ್ ಈ ಕಿಣ್ವವನ್ನು ಎಬ್ಬಿಸುವುದು ಎಟಿಪಿ ತಯಾರಿಸುವ ಮೈಟೊಕಾಂಡ್ರಿಯದ ಕೆಲಸಕ್ಕೆ ತುಸು ಅಡ್ಡಿ ಮಾಡಿ. ಎಟಿಪಿ ತಯಾರಿ ಕುಗ್ಗುತ್ತದೆ. ಕೊರತೆ ಬಂತೆಂದು ಕೋಶ ಕೂಡಿಟ್ಟದ್ದಕ್ಕೆ ಕೈ ಹಾಕುತ್ತದೆ. ಮರದರಿಶಿನದ ಬರ್ಬೆರಿನ್ ಪಾಲಿಫೀನಾಲ್ ಅಲ್ಲ, ಆದರೂ ಹಿಡಿಯುವುದು ಇದೇ ದಾರಿಯನ್ನು. ಇದು ಪ್ರಯೋಗಶಾಲೆಯ ಕೋಶಗಳಲ್ಲಿ ಕಂಡ ಮಾತು. ಊಟದ ಈರುಳ್ಳಿಯಿಂದ ರಕ್ತಕ್ಕೆ ಸೇರುವ ಕ್ವೆರ್ಸೆಟಿನ್ ಬಲು ಕಡಿಮೆ. ಅದೇನೇ ಇರಲಿ, ‘ವರ್ಧಕ’ ಎಂದರೆ ನಡೆಯುವುದಕ್ಕೆ ನೇರ ವಿರುದ್ಧವಾದ ಅರ್ಥ ಬರುತ್ತದೆ.

‘ಶಕ್ತಿ ನಿಯಂತ್ರಣ’ ಎಂದು ತಿದ್ದಿದೆ. ಅದೂ ಒಗ್ಗಲಿಲ್ಲ. ಕೀಟ ನಿಯಂತ್ರಣ, ಬೆಲೆ ನಿಯಂತ್ರಣ, ಜನಸಂಖ್ಯಾ ನಿಯಂತ್ರಣ: ನಮ್ಮ ಬಳಕೆಯಲ್ಲಿ ಆ ಪದಕ್ಕೆ ಹತ್ತಿಕ್ಕುವ ಗುಣವೇ ಹೆಚ್ಚು. ‘ಸಮತೋಲನ’ ಎಂದರೆ ಅಲ್ಲಾಡದೆ ನಿಂತ ತಕ್ಕಡಿ ಕಣ್ಣಿಗೆ ಬರುತ್ತದೆ. ಕೋಶದಲ್ಲಿ ಒಂದು ಕ್ಷಣವೂ ಯಾವುದೂ ನಿಂತಿರುವುದಿಲ್ಲ.

ಹಾಗೆ ಹುಡುಕುವಾಗ ಹೊಳೆದದ್ದು ‘ಹದ’. ಮಂಡ್ಯದ ಕಡೆಯ ಆಲೆಮನೆಯಲ್ಲಿ ಚಿಕ್ಕವಳಿದ್ದಾಗ ಕಂಡದ್ದು ನೆನಪಿದೆ. ಪಾಕ ನೋಡುವ ಅಜ್ಜ ಕೊಪ್ಪರಿಗೆಯಿಂದ ನಾಲ್ಕು ಹನಿ ತೆಗೆದು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ಇನ್ನೂ ಎಳಸಾಗಿದ್ದರೆ ಒಲೆಗೆ ಇನ್ನೊಂದಿಷ್ಟು ಕಬ್ಬಿನ ಸಿಪ್ಪೆ. ಬಿರುಸಾಗತೊಡಗಿದರೆ ಉರಿ ತಗ್ಗಿಸಿ ಎಂಬ ಕೂಗು. ಅಳೆಯುವುದು, ಅದಕ್ಕೆ ತಕ್ಕಂತೆ ಏರಿಸುವುದು ಇಳಿಸುವುದು, ಮತ್ತೆ ಅಳೆಯುವುದು: ಎಎಂಪಿಕೆ ಮಾಡುವುದೂ ಇದನ್ನೇ. ಪತ್ರಿಕೆಗಳು ‘ಆರೋಗ್ಯ ಹದಗೆಟ್ಟಿದೆ’ ಎಂದು ದಿನವೂ ಬರೆಯುತ್ತವೆ. ಕೆಡುವಾಗ ಮಾತ್ರ ‘ಹದ’ ನೆನಪಾಗಿ, ಸರಿಯಿರುವಾಗ ಏಕೆ ಮರೆಯಬೇಕು?

ಹೆಚ್ಚಿದಷ್ಟೂ ಒಳ್ಳೆಯದೆಂಬ ಭ್ರಮೆಯನ್ನೂ ಈ ಪದ ತಡೆಯುತ್ತದೆ. ಹಸಿರು ಚಹಾದ ಪಾಲಿಫೀನಾಲ್ ಆದ ಇಜಿಸಿಜಿ ಎಂಬ ಕ್ಯಾಟೆಚಿನನ್ನು ಪೂರಕ ಮಾತ್ರೆಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡವರ ರಕ್ತದಲ್ಲಿ ಯಕೃತ್ತಿನ ಕಿಣ್ವಗಳು ಏರಿದ್ದನ್ನು (ಯಕೃತ್ತಿಗೆ ಪೆಟ್ಟಾಗುತ್ತಿರಬಹುದೆಂಬ ಸೂಚನೆ ಅದು) ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎತ್ತಿ ಹೇಳಿತು. ‘ವರ್ಧಕ’ ಎಂದು ಓದಿದವರು ಎರಡು ಮಾತ್ರೆ ಹೆಚ್ಚಿಗೆ ನುಂಗಿದರೆ ತಪ್ಪು ನನ್ನದಾಗುತ್ತದೆ.

ಬಲ್ಲವರಲ್ಲಿ ಕೇಳುವುದಿಷ್ಟು. ‘ಶಕ್ತಿಹದ’ ಎಂದು ಕೂಡಿಸಿದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆರೆತ ಅರಿಸಮಾಸವಾಗುತ್ತದೆ. ‘ಶಕ್ತಿಯ ಹದ’ ಎಂದು ಬಿಡಿಸಿ ಬರೆದರೆ ಪಾರಿಭಾಷಿಕ ಪದವಾಗಿ ನಿಲ್ಲುತ್ತದೆಯೇ? ನಿಮ್ಮ ಸೀಮೆಯಲ್ಲಿ ಮಣ್ಣು, ಪಾಕಗಳಿಗಲ್ಲದೆ ಮೈಗೂ ‘ಹದ’ ಬಳಸುತ್ತಾರೆಯೇ? ಇನ್ನೊಂದು: ಕೋಶದ ಕಟ್ಟುವ, ಒಡೆಯುವ ಕ್ರಿಯೆಗಳಿಗೆ ಹೇಳುವ ‘ಚಯಾಪಚಯ’ದಲ್ಲಿರುವ ‘ಅಪಚಯ’ವನ್ನು ಒಂಟಿಯಾಗಿ ಬಳಸಿದಾಗ ಓದುಗರು ಅದನ್ನು ನಷ್ಟ, ಕೇಡು ಎಂದೇ ತಿಳಿಯುತ್ತಾರೆ. ಕೂಡಿಟ್ಟದ್ದನ್ನು ಒಡೆದು ಬಳಸುವುದು ಎಂಬುದಕ್ಕೆ ಬೇರೆ ಮಾತು ಯಾರಾದರೂ ಬಳಸಿದ್ದೀರಾ?

ಸದ್ಯ ನನ್ನ ಸಾಲು ಹೀಗಿದೆ: ‘ಈ ಅಂಶಗಳು ಕೋಶಕ್ಕೆ ಶಕ್ತಿ ತುಂಬುವುದಿಲ್ಲ, ಇರುವ ಶಕ್ತಿಯ ಹದ ನೋಡಿಕೊಳ್ಳುವ ಕಿಣ್ವವನ್ನು ಎಚ್ಚರಿಸುತ್ತವೆ.’ ಅಪ್ಪ ಇದಕ್ಕೆ ಗೆರೆ ಎಳೆದಿಲ್ಲ. ನೀವು ಎಳೆಯುವುದಾದರೆ ಎಲ್ಲಿ ಎಂದು ದಯವಿಟ್ಟು ತಿಳಿಸಿ.