ಸಹಾಯ ಬೇಕು: ಮೊದಲ ದೃಶ್ಯದಲ್ಲಿ ಭಯ ಹುಟ್ಟುತ್ತಿಲ್ಲ

ಧಾರವಾಡದ ನಾವು ನಾಲ್ವರು ಗೆಳೆಯರು ಥ್ರಿಲ್ಲರ್ ಕಿರುಚಿತ್ರವೊಂದನ್ನು ಮಾಡುತ್ತಿದ್ದೇವೆ. ಆರಂಭ ಸಾಧನಕೇರಿಯ ದಂಡೆಯಲ್ಲಿ, ಬೆಳಕು ಹರಿಯುವ ಮುನ್ನ. ಒಬ್ಬ ಬೆಂಚಿನ ಕೆಳಗೆ ಚೀಲವಿಟ್ಟು ಹೋಗುತ್ತಾನೆ. ಅಲ್ಲಿಯೇ ಅಜ್ಜಿಯೊಬ್ಬಳು ಬಂದು ಕೂರುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ.

1958ರ ‘ಟಚ್ ಆಫ್ ಈವಿಲ್’ ಚಿತ್ರದಲ್ಲಿ ನಿರ್ದೇಶಕ ಆರ್ಸನ್ ವೆಲ್ಸ್ ಕಾರಿನ ಡಿಕ್ಕಿಗೆ ಬಾಂಬ್ ಇಡುವುದನ್ನು ಮೊದಲೇ ತೋರಿಸಿ, ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ದೃಶ್ಯವನ್ನು ಎಲ್ಲಿಯೂ ಕತ್ತರಿಸದೆ ನಮ್ಮನ್ನು ಕಾಯಿಸುತ್ತಾರೆ. ಆ ಉಸಿರು ಬಿಗಿಹಿಡಿದ ಕಾಯುವಿಕೆಯೇ ನನಗೆ ಬೇಕು! ದೂರದಿಂದ, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್‌ನಲ್ಲಿ ತೆಗೆದರೆ ಯಾರೋ ಹೊಂಚು ಹಾಕಿದಂತಿರುತ್ತದೆ, ಆದರೆ ಅಜ್ಜಿಯ ಮುಖಕ್ಕೆ ಫೋಕಸ್ ಇಟ್ಟಾಗ ಚೀಲ ಮಸುಕಾಗುತ್ತದೆ. ವಿಶಾಲ ನೋಟ ಹಿಡಿಯುವ ವೈಡ್ ಲೆನ್ಸ್‌ನಲ್ಲಿ ಎಲ್ಲವೂ ಸ್ಪಷ್ಟ, ಭಯವೇ ಮಾಯ. ಟೆಲಿ ಲೆನ್ಸ್‌ನಲ್ಲೇ ಮುಖ, ಚೀಲ ಎರಡೂ ಸ್ಪಷ್ಟವಾಗಲೆಂದು ಅಪರ್ಚರ್ (ಲೆನ್ಸ್‌ನೊಳಗೆ ಬೆಳಕು ಬಿಡುವ ಕಿಂಡಿ) ಕಿರಿದಾಗಿಸಲು ಆ ಮಂದ ಬೆಳಕಿನಲ್ಲಿ ಆಗದು.

ಹುಬ್ಬಳ್ಳಿ-ಧಾರವಾಡದ ಛಾಯಾಗ್ರಾಹಕರು ಯಾರಾದರೂ ಒಂದು ಮುಂಜಾನೆ ಬಂದು, ಕ್ಯಾಮೆರಾ ಎಲ್ಲಿಡಬೇಕೆಂದು ತೋರಿಸುವಿರಾ?