ನಿಲ್ಲಿಸಿದ್ದ ಸೆಸ್ನಾ ವಿಮಾನದಲ್ಲಿ 11 ಗ್ಯಾಲನ್ ಇಂಧನ ಮಾಯ: ಕಳ್ಳತನವೋ, ಸೋರಿಕೆಯೋ?

ಸೆಸ್ನಾ ಮಂಜ: ಎಲ್ಲರಿಗೂ ನಮಸ್ಕಾರ. ಇದು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಕಥೆ. ನಾವು ನಾಲ್ಕು ಜನ ಸೇರಿ ಒಂದು ಹಳೇ ಸೆಸ್ನಾ 172 ಇಟ್ಟುಕೊಂಡಿದ್ದೇವೆ, 1978ರ ಎನ್ ಮಾಡೆಲ್. ಹ್ಯಾಂಗರ್ (ವಿಮಾನದ ಶೆಡ್ಡು) ಬಾಡಿಗೆ ನಮ್ಮ ಕೈಗೆ ಎಟುಕುವುದಿಲ್ಲ, ಬಯಲಲ್ಲೇ ಹಗ್ಗ ಬಿಗಿದು ನಿಲ್ಲಿಸುತ್ತೇವೆ. ಮಂಗಳವಾರ ಸಂಜೆ ಎರಡೂ ಟ್ಯಾಂಕ್ ಬಾಯಿವರೆಗೆ ತುಂಬಿಸಿದ್ದೆ. ಶನಿವಾರ ಬೆಳಿಗ್ಗೆ ಏಣಿ ಹತ್ತಿ ಅಳತೆ ಕಡ್ಡಿ ಇಳಿಸಿದರೆ ಬಲಗಡೆ 11 ಗ್ಯಾಲನ್ ಕಡಿಮೆ! ಅಂದರೆ ಹತ್ತಿರ ಹತ್ತಿರ 42 ಲೀಟರ್. ಮುಚ್ಚಳ ಅರ್ಧ ತಿರುಗಿತ್ತು. ನಡುವೆ ನಮ್ಮಲ್ಲಿ ಯಾರೂ ಹಾರಿಸಿಲ್ಲ. ಪೈಪು ಹಾಕಿ ಎಳೆದಿದ್ದಾರೆ, ಅನುಮಾನವೇ ಇಲ್ಲ. ಬೀಗದ ಮುಚ್ಚಳ ಹಾಕಿಸಿದವರು ಯಾರಾದರೂ ಇದ್ದೀರಾ? ಉಪಯೋಗ ಆಯಿತಾ?

ನಟ್ಟು ಬೋಲ್ಟು: "ಅನುಮಾನವೇ ಇಲ್ಲ" ಅಂತೀರಲ್ಲ, ನನಗಿದೆ. ಒಳಗೆ ಫ್ಯೂಯಲ್ ಸೆಲೆಕ್ಟರ್ (ಯಾವ ಟ್ಯಾಂಕಿನ ಇಂಧನ ಬೇಕು ಅಂತ ಆರಿಸುವ ತಿರುಗಣೆ) ಎಲ್ಲಿತ್ತು? ಬೋತ್‌ನಲ್ಲಿ (ಎರಡೂ ಟ್ಯಾಂಕ್ ತೆರೆದಂತೆ) ಬಿಟ್ಟು ಸ್ವಲ್ಪ ಇಳಿಜಾರಲ್ಲಿ ನಿಲ್ಲಿಸಿದರೆ ಮೇಲಿರುವ ರೆಕ್ಕೆಯದ್ದು ಕೆಳಗಿನ ರೆಕ್ಕೆಗೆ ಹರಿಯುತ್ತದೆ. ಅಲ್ಲಿ ಜಾಗ ಇಲ್ಲದಿದ್ದರೆ ಎಡ ರೆಕ್ಕೆಯಡಿ ಇರುವ ವೆಂಟ್ (ಗಾಳಿಯಾಡುವ) ಕೊಳವೆಯಿಂದ ನೆಲಕ್ಕೆ. ಎಡ ಟ್ಯಾಂಕ್ ತುಂಬಿಯೇ ಇತ್ತಾ? ಇದ್ದರೆ ಕಳ್ಳನ ಹೆಸರು ಇಳಿಜಾರು.

ಸೆಸ್ನಾ ಮಂಜ: ಎಡ ತುಂಬಿತ್ತು. ಆದರೆ ನೆಲದಲ್ಲಿ ಕಲೆ ಇರಲಿಲ್ಲ ಸಾರ್. ನಮ್ಮ ವಿಮಾನದ ಪೆಟ್ರೋಲ್ 100 ಎಲ್‌ಎಲ್‌ಗೆ ನೀಲಿ ಬಣ್ಣ ಹಾಕಿರುತ್ತಾರೆ. ಅಷ್ಟು ಸುರಿದಿದ್ದರೆ ನೀಲಿ ಬಿಡದೆ ಹೋಗುತ್ತಾ?

ಲಾರಿ ಶಿವಣ್ಣ: ನಾನು ದಾವಣಗೆರೆಯವನು. ವಿಮಾನ ಗೊತ್ತಿಲ್ಲ, ಕಳ್ಳರು ಗೊತ್ತು. ಡಾಬಾ ಮುಂದೆ ಮಲಗಿ ಎದ್ದರೆ ಡೀಸೆಲ್ ಟ್ಯಾಂಕ್ ತಳ ಕಾಣುತ್ತಿತ್ತು. ಅರ್ಧ ಬಿಟ್ಟು ಹೋಗುವ ಕಳ್ಳನನ್ನು ನಾನಂತೂ ನೋಡಿಲ್ಲ.

ಬ್ಯಾಡಗಿ ಖಾರ: ಕದ್ದವನು ಅದನ್ನಿಟ್ಟುಕೊಂಡು ಏನು ಮಾಡುತ್ತಾನೆ? ಅದರಲ್ಲಿ ಸೀಸ ಇದೆ, ಗ್ಯಾಲನ್‌ಗೆ ಸುಮಾರು 2 ಗ್ರಾಂವರೆಗೆ. ಕಾರಿಗೆ ಹಾಕಿದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳು. ಅಮೆರಿಕದಲ್ಲಿ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ 1996ರಲ್ಲೇ ನಿಂತಿತು, ನಮ್ಮಲ್ಲಿ 2000ದಲ್ಲಿ.

ತುಂಗಾ ತೀರ: ಖಾರದವರೇ, ಈ ದೇಶದಲ್ಲಿ ಕಳ್ಳರು ಕನ್ವರ್ಟರನ್ನೇ ಬಿಚ್ಚಿಕೊಂಡು ಹೋಗುತ್ತಾರೆ, ಅದು ಹಾಳಾಗುತ್ತೆ ಅಂತ ಅಳುತ್ತಾರಾ? ಮಣ್ಣು ರಸ್ತೆ ಬೈಕು, ಜನರೇಟರ್, ಹಳೇ ಕಾರು, ಯಾವುದಕ್ಕಾದರೂ ಹಾಕಬಹುದು. ನಾನು ಅರಿಜೋನಾದಲ್ಲಿ ಹಾರಾಟ ಕಲಿಸುತ್ತೇನೆ. ಮಂಜ, ಮುಚ್ಚಳ ತೆರೆದಿತ್ತು ಅಂದರೆ ಮೊದಲು ಕೆಳಗಿನ ಡ್ರೈನ್‌ನಿಂದ ಸ್ಯಾಂಪಲ್ ತೆಗೆದು ನೀರು, ಕಸ ಇದೆಯಾ ನೋಡಿ. ಆಮೇಲೆ ಒಂದು ಪ್ರಶ್ನೆ. ಇಂಧನ ಗೇಜ್ ಏನು ತೋರಿಸುತ್ತಿತ್ತು?

ಸೆಸ್ನಾ ಮಂಜ: ಸ್ಯಾಂಪಲ್ ತೆಗೆದೆ ಮೇಡಂ, ಶುದ್ಧವಾಗಿತ್ತು. ಗೇಜ್ ಯಾರು ನೋಡುತ್ತಾರೆ? ಟ್ಯಾಂಕ್ ಖಾಲಿ ಇದ್ದಾಗ ಮಾತ್ರ ಸರಿ ತೋರಿಸಿದರೆ ಸಾಕು ಅಂತ ನಿಯಮವೇ ಇದೆ.

ತುಂಗಾ ತೀರ: ಇಲ್ಲ. ಹಾಗೆ ಯಾವ ನಿಯಮವೂ ಇಲ್ಲ. ಪ್ರತಿ ಹೊಸ ವಿದ್ಯಾರ್ಥಿ ಇದನ್ನೇ ಹೇಳುತ್ತಾನೆ, ನನಗೆ ಸಾಕಾಗಿದೆ.

ಪುಷ್ಪಕ 58: ಮೇಡಂ ಅವರಿಗೆ ಸಾಕಾಗಿರಬಹುದು, ನಿಯಮಕ್ಕೆ ಸಾಕಾಗಿಲ್ಲ. ಅಮೆರಿಕದ ವಿಮಾನ ವಿನ್ಯಾಸದ ನಿಯಮ 23.1337 ಓದಿ. ಬಳಸಲು ಬರುವ ಇಂಧನ ಮುಗಿದಾಗ ಮುಳ್ಳು ಸೊನ್ನೆ ತೋರಿಸಬೇಕು ಅಂತ ಸ್ಪಷ್ಟವಾಗಿದೆ. ಹುಡುಗ ಹೇಳಿದ್ದು ಸರಿ.

ತುಂಗಾ ತೀರ: ಅದರ ಮೇಲಿನ ಸಾಲು ಯಾಕೆ ಬಿಟ್ಟಿರಿ ಸಾರ್? ಪ್ರತಿ ಟ್ಯಾಂಕಿನಲ್ಲಿ ಬಳಸಬಹುದಾದ ಇಂಧನ ಎಷ್ಟಿದೆ ಅಂತ ಹಾರಾಟದಲ್ಲಿ ತೋರಿಸುವ ಸಾಧನ ಇರಬೇಕು ಅಂತ ಅಲ್ಲೇ ಇದೆ. ಸೊನ್ನೆ ಅಂದರೆ ಯಾವ ಸೊನ್ನೆ ಅಂತ ಹೇಳೋಕೆ ಆ ಎರಡನೇ ಮಾತು. ಉಳಿದಾಗ ಸುಳ್ಳು ಹೇಳಬಹುದು ಅಂತ ಅಲ್ಲ. ಹಾರಾಟದ ನಿಯಮ 91.205ರಲ್ಲೂ ಪ್ರತಿ ಟ್ಯಾಂಕಿಗೆ ಗೇಜ್ ಬೇಕು ಅಂತಿದೆ.

ಪುಷ್ಪಕ 58: "ಗೇಜ್ ಬೇಕು" ಅಂತಿದೆ. "ನಿಖರವಾದ ಗೇಜ್" ಅಂತ ಇಲ್ಲ. ನೀವೇ ಒಪ್ಪಿಕೊಂಡ ಹಾಗಾಯಿತು. ಹಳೇ ತರಬೇತಿ ವಿಮಾನ ಪೈಪರ್ ಕಬ್‌ನಲ್ಲಿ ಏನಿತ್ತು? ಮುಚ್ಚಳದಲ್ಲಿ ತೂರಿಸಿದ ಒಂದು ತಂತಿ, ಕೆಳಗೆ ಬೆಂಡು. ತಂತಿ ಇಳಿಯಿತು ಅಂದರೆ ನಾವೂ ಇಳಿಯಬೇಕು. ಅದರಲ್ಲೇ ಒಂದು ತಲೆಮಾರು ಕಲಿಯಿತು.

ತುಂಗಾ ತೀರ: ಆ ತಂತಿ ಸರಿಯಾಗಿಯೇ ಇಳಿಯುತ್ತಿತ್ತು ಸಾರ್. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗುತ್ತಿರಲಿಲ್ಲ. ಥ್ಯಾಂಕ್ಸ್.

ನಟ್ಟು ಬೋಲ್ಟು: ಮಂಜ, ಸೆಲೆಕ್ಟರ್ ಎಲ್ಲಿತ್ತು ಅಂತ ಹೇಳಲೇ ಇಲ್ಲ.

ಪುಷ್ಪಕ 58: ಕಡ್ಡಿಯೇ ದೇವರು. ಗೇಜ್ ನಂಬಿ ಕೆಟ್ಟವರು ಎಷ್ಟು ಜನ ಬೇಕು?

ಬ್ಯಾಡಗಿ ಖಾರ: ಕಡ್ಡಿ ನಂಬಿ ಕೆಟ್ಟವರೂ ಇದ್ದಾರಲ್ಲ. 1983ರಲ್ಲಿ ಕೆನಡಾದ ಗಿಮ್ಲಿ. ಬೋಯಿಂಗ್ 767, 69 ಜನ. ಕಡ್ಡಿಯಿಂದಲೇ ಅಳೆದರು, ಕಿಲೋ ಬದಲು ಪೌಂಡ್ ಲೆಕ್ಕ ಹಾಕಿ 22,300 ಪೌಂಡ್ ಇಟ್ಟುಕೊಂಡು ಹೊರಟರು. ಆಕಾಶದಲ್ಲೇ ಎರಡೂ ಎಂಜಿನ್ ನಿಂತವು. ಪೈಲಟ್ ಗ್ಲೈಡರ್ ಹಾಗೆ ಇಳಿಸಿದ್ದಕ್ಕೆ ಎಲ್ಲರೂ ಉಳಿದರು.

ತುಂಗಾ ತೀರ: ಅಲ್ಲಿ ಗೇಜ್ ಕೆಲಸ ಮಾಡುತ್ತಿರಲಿಲ್ಲ, ಅದಕ್ಕೇ ಕಡ್ಡಿ ಹಿಡಿದದ್ದು! ಮುಳ್ಳು ಸರಿ ಇದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ.

ಪುಷ್ಪಕ 58: ಲೆಕ್ಕ ತಪ್ಪಿದವರು ಮನುಷ್ಯರು, ಕಡ್ಡಿ ತಪ್ಪಲಿಲ್ಲ. ನೋಡಿ ಮೇಡಂ, ನೀವು ಹುಟ್ಟುವ ಮೊದಲೇ ನಾನು ಒಂಟಿಯಾಗಿ ಹಾರಿದವನು. ಅಳೆದು ನೋಡದೆ ಒಂದು ದಿನ ಚಕ್ರ ನೆಲ ಬಿಟ್ಟಿಲ್ಲ. ಗೇಜ್ ನೋಡಿ ಕಲಿಸುವವರ ಹತ್ತಿರ ನನ್ನ ಮೊಮ್ಮಗನನ್ನು ಕಳಿಸುವುದಿಲ್ಲ.

ತುಂಗಾ ತೀರ: ಬೇಡಿ, ಕಳಿಸಬೇಡಿ. ಕಡ್ಡಿ ಬೇಡ ಅಂತ ನಾನು ಎಲ್ಲಿ ಬರೆದಿದ್ದೇನೆ, ತೋರಿಸಿ. ಒಂದು ಸಾಲು ಸಾಕು. ಎರಡೂ ನೋಡಬೇಕು ಅಂತ ಹೇಳುವುದು. ಕಡ್ಡಿ 10 ಅಂದು ಮುಳ್ಳು ತುಂಬಿದೆ ಅಂದರೆ ಏನೋ ಕೆಟ್ಟಿದೆ. ಕಡ್ಡಿ ಕಡಿಮೆ, ಮುಳ್ಳೂ ಕಡಿಮೆ ಅಂದರೆ ಇಂಧನ ನಿಜಕ್ಕೂ ಹೋಗಿದೆ. ಮಂಜನ ಕಳ್ಳನ ಸಾಕ್ಷಿ ಆ ಮುಳ್ಳು. ಅನುಭವ ಇರಲಿ ಸಾರ್, ವಯಸ್ಸು ನಿಯಮ ಆಗುವುದಿಲ್ಲ.

ಪುಷ್ಪಕ 58: "ವಯಸ್ಸು" ಅಂತ ಎತ್ತಿದವರು ನೀವು. ಇಲ್ಲಿಗೆ ಬಿಡುತ್ತೇನೆ.

ಪುಷ್ಪಕ 58: ಇನ್ನೊಂದು ಮಾತು. ಹಳೇ ಸೆಸ್ನಾದ ಗೇಜ್ ಅಂದರೆ ಟ್ಯಾಂಕಿನೊಳಗೆ ತೇಲುವ ಗುಂಡು, ಅದಕ್ಕೊಂದು ತೋಳು, ಸವೆದ ರೆಸಿಸ್ಟರ್. ನೆಲದ ಮೇಲೆ ವಿಮಾನ ಸ್ವಲ್ಪ ವಾಲಿದರೂ ಮುಳ್ಳು ಬೇರೆಯೇ ಹೇಳುತ್ತದೆ. ಅದು ಸಾಕ್ಷಿಯಂತೆ!

ವಕೀಲ ರಾಯ: ಇಬ್ಬರೂ ಕ್ಷಮಿಸಿ. ಸೆಸ್ನಾ 172ಕ್ಕೆ ಮೂಲ ಪ್ರಮಾಣಪತ್ರ ಸಿಕ್ಕಿದ್ದು 1955ರಲ್ಲಿ, ಸಣ್ಣ ವಿಮಾನಗಳ ಹಳೇ ನಿಯಮಾವಳಿ ಸಿಎಆರ್ 3 ಪ್ರಕಾರ. 23.1337 ಆಮೇಲೆ ಬಂದದ್ದು. 2017ರಲ್ಲಿ ಅದು ಇದ್ದ ಭಾಗ 23 ಪೂರ್ತಿ ಹೊಸದಾಗಿ ಬರೆದಾಗ ಆ ಸಂಖ್ಯೆಯೇ ಹೋಯಿತು. ಇಷ್ಟು ಹೊತ್ತು ನೀವು ಇಲ್ಲದ ಕಲಮಿಗೆ ಹೊಡೆದಾಡಿದ್ದೀರಿ.

ಪುಷ್ಪಕ 58: ಕೇಳಿದಿರಾ ಮೇಡಂ? ಕಲಮೇ ಇಲ್ಲ.

ತುಂಗಾ ತೀರ: ಅದನ್ನು ಇಲ್ಲಿಗೆ ಎಳೆದು ತಂದವರು ನೀವೇ ಸಾರ್!! 91.205 ಹಾಗೇ ಇದೆ, ಅದು ಎಲ್ಲೂ ಹೋಗಿಲ್ಲ.

ವಕೀಲ ರಾಯ: ಸಿಎಆರ್ 3ರಲ್ಲೂ ಆ ಸೊನ್ನೆಯ ಮಾತು ಇದೆ ಅನ್ನುವುದನ್ನೂ ದಾಖಲಿಸುತ್ತೇನೆ.

ಲಾರಿ ಶಿವಣ್ಣ: ನನ್ನ ಗಾಡಿ ಮುಳ್ಳು ವರ್ಷಗಟ್ಟಲೆಯಿಂದ ಅರ್ಧದಲ್ಲೇ ನಿಂತಿದೆ. ಆದರೂ ಹುಬ್ಬಳ್ಳಿ ಮುಟ್ಟುತ್ತೇನೆ.

ತುಂಗಾ ತೀರ: ಶಿವಣ್ಣ, ನಿಮ್ಮದು ನಿಂತರೆ ರಸ್ತೆ ಬದಿಯಲ್ಲಿ ನಿಲ್ಲುತ್ತದೆ. 11 ಗ್ಯಾಲನ್ ಅಂದರೆ ಈ ವಿಮಾನಕ್ಕೆ ಒಂದೂ ಕಾಲು ಗಂಟೆಯ ಹಾರಾಟ. ಹಗಲಲ್ಲಿ ಕಾಯ್ದಿಡಬೇಕಾದ್ದೇ 30 ನಿಮಿಷದ್ದು, ರಾತ್ರಿ 45. ಮಂಜ ಅಳೆಯದೆ ಹೊರಟಿದ್ದರೆ?

ಪುಷ್ಪಕ 58: "ಅಳೆಯದೆ ಹೊರಟಿದ್ದರೆ" ಅಂತೆ. ಅಳೆದದ್ದು ಯಾವುದರಲ್ಲಿ? ಕಡ್ಡಿಯಲ್ಲಿ.

ಬ್ಯಾಡಗಿ ಖಾರ: 42 ಲೀಟರ್ ಅಂದರೆ 30 ಕೆಜಿ. ರಾತ್ರಿ ಏಣಿ ತಂದು, ಕ್ಯಾನ್ ಹೊತ್ತು, ಬೇಲಿ ಹಾರಿದನಾ? ಪಕ್ಕದಲ್ಲೇ ಪೈಪರ್ ಚೆರೋಕಿ ನಿಂತಿರಲಿಲ್ಲವಾ? ಅದರ ರೆಕ್ಕೆ ಸೊಂಟದ ಎತ್ತರ, ಕಳ್ಳನಿಗೆ ಅದು ಬಿಟ್ಟು ಸೆಸ್ನಾ ಯಾಕೆ ಬೇಕಿತ್ತು?

ಸೆಸ್ನಾ ಮಂಜ: ಚೆರೋಕಿಯವನು ತಿಂಗಳಿಂದ ಬಂದೇ ಇಲ್ಲ, ಅವನ ಟ್ಯಾಂಕ್ ಯಾರು ನೋಡಿದ್ದಾರೆ? ಇನ್ನು ಸೆಲೆಕ್ಟರ್. ಬೋತ್‌ನಲ್ಲೇ ಇತ್ತು. ಸರಿನಾ? ಆದರೂ 11 ಗ್ಯಾಲನ್ ಹೋಗುತ್ತದೆ ಅಂತ ನಾನು ನಂಬುವುದಿಲ್ಲ. ನಮ್ಮ ಜಾಗ ಎಡಕ್ಕೆ ಚೂರು ವಾಲಿದೆ ಅಷ್ಟೆ. ಕೆಳಗೆ ಜಲ್ಲಿ ನೆಲ, ಸಮತಟ್ಟು ಮಾಡಿದ್ದಾರೆ.

ನಟ್ಟು ಬೋಲ್ಟು: ಜಲ್ಲಿನಾ? ಕಲೆ ಇರಲಿಲ್ಲ ಅಂದಿರಿ! ಜಲ್ಲಿಯಲ್ಲಿ ಕಲೆ ಎಲ್ಲಿ ನಿಲ್ಲುತ್ತದೆ ಸ್ವಾಮಿ? ಎಡಕ್ಕೆ ವಾಲಿದೆ, ಎಡ ತುಂಬಿದೆ, ಬಲ ಇಳಿದಿದೆ, ವೆಂಟ್ ಎಡಗಡೆ ಇದೆ. ಇನ್ನೇನು ಬೇಕು? ವೆಂಟ್ ಕೊಳವೆಯ ತುದಿ ಒರೆಸಿ ನೋಡಿ, ನೀಲಿ ಅಲ್ಲಿರುತ್ತದೆ.

ಸೆಸ್ನಾ ಮಂಜ: ಅರ್ಧ ತಿರುಗಿದ ಮುಚ್ಚಳ?

ನಟ್ಟು ಬೋಲ್ಟು: ಮಂಗಳವಾರ ಕೊನೆಗೆ ಮುಚ್ಚಿದವರು ಯಾರು?

ಸೆಸ್ನಾ ಮಂಜ: ನಾನೇ. ಸರಿಯಾಗಿಯೇ ಮುಚ್ಚಿದ್ದೆ. ನನ್ನನ್ನೇ ಕಳ್ಳ ಮಾಡಬೇಡಿ. ನಾನು ಕೇಳಿದ್ದು ಬೀಗದ ಮುಚ್ಚಳದ ಬಗ್ಗೆ. ಇಷ್ಟು ಮಾತಾಯಿತು, ಒಬ್ಬರೂ ಉತ್ತರ ಕೊಟ್ಟಿಲ್ಲ.

ಲಾರಿ ಶಿವಣ್ಣ: ನಾನು ಹಾಕಿಸಿದ್ದೆ ತಮ್ಮಾ. ಮುಂದಿನ ಸಲ ಕಳ್ಳ ಟ್ಯಾಂಕಿನ ತಳವನ್ನೇ ಕೊರೆದ.

ನಟ್ಟು ಬೋಲ್ಟು: ಸೆಸ್ನಾಗೆ ಕೊರೆಯುವುದೂ ಬೇಡ. ಸ್ಯಾಂಪಲ್ ತೆಗೆಯುವ ಡ್ರೈನ್ ರೆಕ್ಕೆ ಕೆಳಗೇ ಇದೆ, ಒತ್ತಿ ಹಿಡಿದರೆ ಸಾಕು. ನಿಧಾನ, ಆದರೆ ಏಣಿ ಬೇಕಾಗಿಲ್ಲ.

ಸೆಸ್ನಾ ಮಂಜ: ನೋಡಿ, ಅಂದರೆ ಕದಿಯಬಹುದು ಅಂತ ನೀವೇ ಒಪ್ಪಿದಿರಿ!

ನಟ್ಟು ಬೋಲ್ಟು: ಅಯ್ಯೋ ಶಿವನೇ.

ತುಂಗಾ ತೀರ: ಮಂಜ, ಗೇಜ್ ಏನು ತೋರಿಸುತ್ತಿತ್ತು ಅಂತ ಇನ್ನೂ ಹೇಳಿಲ್ಲ.

ಪುಷ್ಪಕ 58: ಹೇಳಬೇಡಪ್ಪಾ.